ಉಂಡೆ ಕೊಬ್ಬರಿಯ ಪರಾಮರ್ಶನ ಪರಂಪರೆ ಮತ್ತು ಅಂತಾರಾಷ್ಟ್ರೀಯ ಬಹುಶಿಸ್ತೀಯ ನಿಯತಕಾಲಿಕೆಗಳು: ನೊಣವಿನಕೆರೆ ಹೋಬಳಿಯನ್ನು ಅನುಲಕ್ಷಿಸಿ ಒಂದು ತೌಲನಿಕ ಅಧ್ಯಯನ

ಸಾರಲೇಖ: ಪ್ರಸ್ತುತ ಪ್ರಬಂಧವು ಡಿಜಿಟಲೋತ್ತರ ಜ್ಞಾನೋತ್ಪಾದನೆಯ ಸಂಕಥನವನ್ನು ತೆಂಗುಕೇಂದ್ರಿತ ನೆಲೆಯಲ್ಲಿ ಮುಖಾಮುಖಿಯಾಗಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಇದನ್ನು ಯಾರೂ ಓದಬೇಕಾಗಿಲ್ಲ. ಓದಿಸಿಕೊಳ್ಳುವುದು ಈ ಪ್ರಕಾರದ ಲಕ್ಷಣವಲ್ಲ.

ಕೀಲಿ ಪದಗಳು: ಸಂಕಥನ, ಅಂಕ, ಅಟ್ಟ, ಐಎಸ್‌ಎಸ್‌ಎನ್, ಫೋನ್‌ಪೇ.

1. ಪೀಠಿಕೆ

ನೊಣವಿನಕೆರೆಯು ತಿಪಟೂರು ತಾಲ್ಲೂಕಿನ ಹೋಬಳಿ ಎಂಬುದು ಸರ್ವವಿದಿತ. ಸರ್ವವಿದಿತವಾದುದನ್ನು ನಾಲ್ಕು ಪುಟ ಬರೆಯುವುದು ಸಂಶೋಧನೆಯ ಮೊದಲ ಹಂತವಾದರೂ, ಪುಟಕ್ಕಿಷ್ಟೆಂದು ಶುಲ್ಕವಿರುವ ಕಾರಣ ಕೆರೆಯ ವಿಸ್ತಾರ, ನೊಳಂಬರ ವಂಶಾವಳಿ ಇತ್ಯಾದಿಗಳನ್ನು ಕೈಬಿಡಲಾಗಿದೆ.

2. ಸೈದ್ಧಾಂತಿಕ ಚೌಕಟ್ಟು

ಈ ಸೀಮೆಯಲ್ಲಿ ಅಟ್ಟ ಸೇರಿದ ಕಾಯಿ ಹತ್ತು ಹನ್ನೊಂದು ತಿಂಗಳು ಕೆಳಗಿಳಿಯುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾಗಬೇಕು. ರೈತ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತಾನೆ. ನೀರಾಡಿದರೆ ವಾಪಸ್ ಅಟ್ಟಕ್ಕೆ. ಉಂಡೆ ಗಡಗಡ ಎಂದರೆ ಸುಲಿಯಬಹುದು. ಆಮೇಲೆ ತಿಪಟೂರು ಎಪಿಎಂಸಿಯಲ್ಲಿ ವರ್ತಕ ಚೀಲದ ತಳಕ್ಕೇ ಕೈಹಾಕಿ ಒಂದು ಉಂಡೆ ತೆಗೆದು, ಒಡೆದು, ಒಳಗೆ ಕಪ್ಪಾಗಿದೆಯೇ ನೋಡುತ್ತಾನೆ. ಹರಾಜು ಆನ್‌ಲೈನ್ ಆಗಿ ವರ್ಷಗಳೇ ಆದವು. ಆದರೂ ಮಾಲು ನೋಡದೆ ದರ ಬರೆಯುವ ವರ್ತಕ ಇನ್ನೂ ಹುಟ್ಟಿಲ್ಲ. ಈ ವಿಧಾನವನ್ನು ಪ್ರಸ್ತುತ ಲೇಖಕನು ‘ಕುಲುಕು-ಪರಾಮರ್ಶನ’ ಎಂದು ಪರಿಭಾವಿಸುತ್ತಾನೆ.

3. ವರ್ಗೀಕರಣ

ವಿದ್ವತ್ ನಿಯತಕಾಲಿಕೆಗಳನ್ನು ಸ್ಥೂಲವಾಗಿ ಐದು ವರ್ಗಗಳಾಗಿ ವಿಂಗಡಿಸಬಹುದಾಗಿದೆ.

(ಅ) ಓದುವವನಿಂದ ದುಡ್ಡು ಕೀಳುವವು.

(ಆ) ಬರೆಯುವವನಿಂದ ಕೀಳುವವು. ಇದರಲ್ಲಿ ಕುಲೀನ, ಅಕುಲೀನ ಎಂದು ಎರಡು ಉಪವರ್ಗ. 2021ರಲ್ಲಿ ‘ನೇಚರ್’ ಪತ್ರಿಕೆ ಒಂದು ಲೇಖನವನ್ನು ಎಲ್ಲರ ಓದಿಗೆ ಮುಕ್ತವಾಗಿಡಲು ಲೇಖಕರ ಕಡೆಯಿಂದ 9,500 ಯೂರೊ ಕೇಳಿತು; ಇದು ಕುಲೀನ. ‘ರೆಸ್ಪೆಕ್ಟೆಡ್ ಸರ್/ಮೇಡಂ, ಎರಡೇ ದಿನದಲ್ಲಿ ಪ್ರಕಟಣೆ, ಸಾವಿರದೈನೂರು ಮಾತ್ರ, ಸರ್ಟಿಫಿಕೇಟ್ ಸಮೇತ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಅಕುಲೀನ.

(ಇ) ಇರಲಿ ಬಿಡಿ. ಉಳಿದ ಮೂರೂ (ಆ)ದ ಅಡ್ಡಹೆಸರುಗಳೇ.

4. ಚಾರಿತ್ರಿಕ ಹಿನ್ನೆಲೆ

2010ರಲ್ಲಿ ಯುಜಿಸಿ ಅಧ್ಯಾಪಕರ ವಿದ್ವತ್ತಿಗೆ ಅಂಕ ಹಾಕುವ ಪದ್ಧತಿ ತಂದಿತು. ಅಂಕ ಬೇಕಾದವರು ಹೆಚ್ಚಿದಂತೆ ಅಂಕ ಮಾರುವವರೂ ಹೆಚ್ಚಿದರು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಸುಳ್ಳು ಪ್ರಬಂಧವೊಂದನ್ನು 304 ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಸ್ವೀಕರಿಸಿದವು. ಕುಲುಕಿದ್ದರೆ ನೀರಾಡುತ್ತಿತ್ತು. 2017ರಲ್ಲಿ ಯುಜಿಸಿ ಮಾನ್ಯ ಪತ್ರಿಕೆಗಳ ಪಟ್ಟಿ ಬಂತು. 2018ರ ಮೇ ತಿಂಗಳಲ್ಲಿ ಅದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಲಾಯಿತು. 2019ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ. 2025ರಲ್ಲಿ ಅದೂ ರದ್ದು: ಯಾವ ಪತ್ರಿಕೆ ಒಳ್ಳೆಯದೆಂದು ಆಯಾ ಸಂಸ್ಥೆಗಳೇ ನೋಡಿಕೊಳ್ಳಲಿ! ಹದಿನೈದು ವರ್ಷ ಆದ ಮೇಲೆ.

5. ಕ್ಷೇತ್ರಕಾರ್ಯ (ಮಾದರಿಯ ಗಾತ್ರ: ಒಬ್ಬ)

ಅತಿಥಿ ಉಪನ್ಯಾಸಕನೊಬ್ಬ ವಚನಗಳ ಬಗ್ಗೆ ಆರು ಪುಟದ ಲೇಖನವನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ, ದುಡ್ಡು ಕಟ್ಟಿ, ಆಗ ಪಟ್ಟಿಯಲ್ಲಿದ್ದ ಪತ್ರಿಕೆಯೊಂದಕ್ಕೆ ಕಳಿಸಿದ. ಜಾಲತಾಣಕ್ಕೆ ಏರುವ ಹೊತ್ತಿಗೆ ಕೊಂಬು, ಗುಡಿಸು, ಒತ್ತಕ್ಷರ ಎಲ್ಲ ಕಳಚಿ ಲೇಖನ ರೋಮನ್ ಚಿಹ್ನೆಗಳ ರಾಶಿಯಾಗಿತ್ತು. ಶೀರ್ಷಿಕೆ ಮತ್ತು ಲೇಖಕನ ಹೆಸರು ಮಾತ್ರ ಸರಿಯಿದ್ದವು, ಅವು ಇಂಗ್ಲಿಷಿನಲ್ಲಿದ್ದುದರಿಂದ. ಸಂಪಾದಕ ಗಮನಿಸಲಿಲ್ಲ. ಇಬ್ಬರು ಪರಾಮರ್ಶಕರು ‘ಉತ್ತಮ’ ಎಂದು ಷರಾ ಬರೆದರು. ನೇಮಕಾತಿ ಸಂದರ್ಶನದಲ್ಲಿ ಪುಟ ತಿರುವಿದವರೂ ಏನೂ ಕೇಳಲಿಲ್ಲ. ಅಂಕ ಬಂತು. ವಚನ ಮಾತ್ರ ಯಾರಿಗೂ ತಲುಪಲಿಲ್ಲ.

ಇಲ್ಲಿ ಲೇಖಕನ ವಸ್ತುನಿಷ್ಠತೆಗೆ ಭಂಗ ಬಂದಿದೆ, ಕ್ಷಮೆಯೇನೂ ಕೇಳುವುದಿಲ್ಲ. ತಿಂಗಳುಗಟ್ಟಲೆ ಗೌರವಧನ ಕಾಣದ ಹುಡುಗ ಸಾಲ ಮಾಡಿ ಈ ಶುಲ್ಕ ಕಟ್ಟಬೇಕು. ಅವನಿಂದ ವಸೂಲು ಮಾಡಿದವರು, ಹಾಗೆ ವಸೂಲಾಗುವಂತೆ ನಿಯಮ ಬರೆದವರು, ಇಬ್ಬರೂ ‘ಸಂಶೋಧನಾ ಸಂಸ್ಕೃತಿ’ಯ ಬಗ್ಗೆ ವಿಚಾರ ಸಂಕಿರಣದಲ್ಲಿ ದೀಪ ಹಚ್ಚುತ್ತಾರೆ.

ಇನ್ನು ಓದುವ ಕಡೆಯ ಕಥೆ. ನಮ್ಮ ತೋಟಗಳಿಗೆ ಕಪ್ಪುತಲೆ ಹುಳು, ಅಣಬೆ ರೋಗ, ನುಸಿ ಎಲ್ಲ ಬಂದವು. ಮೇಲೆ ಸುರುಳಿ ಬಿಳಿನೊಣವೂ ಬಂತು. ಅವುಗಳ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಎಷ್ಟೋ ಮೂವತ್ತು ನಲವತ್ತು ಡಾಲರ್ ತೆತ್ತರಷ್ಟೇ ತೆರೆಯುವ ಬಾಗಿಲ ಹಿಂದಿವೆ. ಇದನ್ನು ಒಬ್ಬ ತೋಟದ ಯಜಮಾನರಿಗೆ ವಿವರಿಸಿದೆ. ‘ಮರ ನಮ್ದು, ರೋಗ ನಮ್ದು. ಗರಿ ಕುಯ್ಕೊಂಡ್ ಹೋಗುವಾಗ ನಮ್ಗೇನಾದ್ರೂ ದುಡ್ ಕೊಟ್ರಾ ಮೇಷ್ಟ್ರೆ?’ ಎಂದರು. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಸರ್ಕಾರಿ ಕಾಲೇಜುಗಳ ಮಟ್ಟಿಗೆ ಇದು ದೊಡ್ಡ ಉಪಕಾರ, ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲು ತೆರೆಯುವುದು ಸಂಸ್ಥೆಯ ಲಾಗಿನ್ ಇದ್ದವರಿಗೆ. ಯಜಮಾನರಿಗೆ ಇರುವುದು ಪಹಣಿ.

6. ಫಲಿತಾಂಶ

ಇದೇ ಜಿಲ್ಲೆಯ ಬೆಳ್ಳಾವೆ ವೆಂಕಟನಾರಣಪ್ಪ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಎರಡು ವರ್ಷ ನಡೆಸಿದರು. ತುರುವೇಕೆರೆಯ ಸಂಪಿಗೆಯಲ್ಲಿ ಹುಟ್ಟಿದವರು ಬಿಎಂಶ್ರೀ. ಚಿಕ್ಕನಾಯಕನಹಳ್ಳಿಯ ತೀರ್ಥಪುರದವರು ತೀನಂಶ್ರೀ. ಈ ತೆಂಗಿನ ಸೀಮೆಯ ಉತ್ಪನ್ನವನ್ನು 2018ರ ಯುಜಿಸಿ ಅಂಕ ಕೋಷ್ಟಕಕ್ಕೆ ಹಾಕಿ ನೋಡಲಾಯಿತು. ತೀನಂಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ರಾಷ್ಟ್ರೀಯ ಪ್ರಕಾಶನದ ಪುಸ್ತಕವೆಂದು ಒಪ್ಪಿದರೆ 10 ಅಂಕ. ಮೇಲೆ ಹೇಳಿದ ಆರು ಪುಟ ರೋಮನ್ ಚಿಹ್ನೆಗಳು, ಭಾಷಾ ವಿಷಯದ ಪಟ್ಟಿಮಾನ್ಯ ಲೇಖನವಾದ್ದರಿಂದ, 10 ಅಂಕ. ಬೆಳ್ಳಾವೆಯವರ ‘ವಿಜ್ಞಾನ’ಕ್ಕೆ ಐಎಸ್‌ಎಸ್‌ಎನ್ ಇಲ್ಲದ ಕಾರಣ ಪರಿಗಣಿಸಲು ಬರುವುದಿಲ್ಲ.