ಗುರುತು ಸಿಗದ ಡಿಸ್ಕ್: ಲ್ಯಾಪ್‌ಟಾಪ್ ಮಹಾಶಯರಿಗೊಂದು ಬಹಿರಂಗ ಪತ್ರ

ಇವರಿಗೆ: ಮಾನ್ಯ ಲ್ಯಾಪ್‌ಟಾಪ್ ಮಹಾಶಯರು, ವಿಂಡೋಸ್ ವಿಭಾಗ
ವಿಷಯ: ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಗುರುತಿಸದೆ ಸತಾಯಿಸುತ್ತಿರುವ ಬಗ್ಗೆ

ಮಾನ್ಯರೇ,

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪಿನ ಕಣ್ಣಿಗೆ ಬೀಳಬೇಕಾದರೆ ಸರ್ಕಾರಿ ಕಡತದ ಹಾಗೆ ಮೇಜಿಂದ ಮೇಜಿಗೆ ಸಾಗಬೇಕು. ಕಡತ ಎಲ್ಲಿ ನಿಂತಿದೆ ಎಂದು ತಿಳಿಸುವ ಪದ್ಧತಿ ಲ್ಯಾಪ್‌ಟಾಪ್ ಮಹಾಶಯರಿಗಿಲ್ಲ. ಕರೆಂಟ್ ಸಾಲದಿದ್ದರೂ, ಕೇಬಲ್ ಹಾಳಾಗಿದ್ದರೂ, ಡಿಸ್ಕೇ ಕೆಟ್ಟಿದ್ದರೂ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎಂಬ ಒಂದೇ ಹಿಂಬರಹ. ಎಷ್ಟೋ ಸಲ ಅದೂ ಇಲ್ಲ.

ಮೊದಲ ತಕರಾರು ಕರೆಂಟಿನದು. ಎರಡೂವರೆ ಇಂಚಿನ ಪೋರ್ಟಬಲ್ ಡಿಸ್ಕಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ. ಪೋರ್ಟ್ ಕೊಟ್ಟಷ್ಟರಲ್ಲೇ ಬದುಕಬೇಕು. ಮಂಜೂರಾದ ಪಡಿ ಯುಎಸ್‌ಬಿ 2.0 ಪೋರ್ಟಿನಲ್ಲಿ 500 ಮಿಲಿಆಂಪಿಯರ್, 3.0 ಪೋರ್ಟಿನಲ್ಲಿ 900. ಒಳಗಿನ ತಟ್ಟೆ ನಿಂತಲ್ಲಿಂದ ತಿರುಗಲು ಶುರುಮಾಡುವಾಗಲೇ ಹೆಚ್ಚು ಕರೆಂಟ್ ಬೇಕು. ಅಡಾಪ್ಟರಿಲ್ಲದ ಹಬ್ಬೊಂದು ಆ ಪಡಿಯನ್ನು ಮೌಸಿಗೂ ಕೀಬೋರ್ಡಿಗೂ ಹಂಚಿ ಕೂತಿದ್ದರೆ, ಡಿಸ್ಕ್ ತಿರುಗಲು ಹೋಗಿ ಸೋತು, ಮತ್ತೆ ಮೊದಲಿನಿಂದ ಹೊರಡುತ್ತದೆ. ಹಬ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪಿನ ಇನ್ನೊಂದು ಪೋರ್ಟಿಗೆ ಚುಚ್ಚಿದರೆ ಬಹಳಷ್ಟು ಅರ್ಜಿಗಳು ಅಲ್ಲೇ ಇತ್ಯರ್ಥ.

ಕೇಬಲ್ಲಿನ ಮೋಸ ಇನ್ನೂ ನಯವಾದದ್ದು. ಯುಎಸ್‌ಬಿ 3.0 ಕಾಲದ ಪೋರ್ಟಬಲ್ ಡಿಸ್ಕುಗಳ ಬಾಯಿ ಸಾಮಾನ್ಯವಾಗಿ ಚಪ್ಪಟೆ, ಎರಡು ಖಾನೆಯದು. ಅದರ ದೊಡ್ಡ ಖಾನೆಗೆ ಹಳೆಯ ಮೊಬೈಲಿನ ಮೈಕ್ರೋ ಯುಎಸ್‌ಬಿ ಕೇಬಲ್ಲೂ ಸಲೀಸಾಗಿ ಕೂರುತ್ತದೆ. ಆ ಕೇಬಲ್ ಬರೀ ಚಾರ್ಜಿಂಗಿನದಾಗಿದ್ದರೆ ಒಳಗೆ ಡೇಟಾ ತಂತಿಗಳೇ ಇರುವುದಿಲ್ಲ. ದೀಪ ಉರಿಯುತ್ತದೆ, ಮುಟ್ಟಿದರೆ ತಟ್ಟೆ ತಿರುಗುವ ಸಣ್ಣ ನಡುಕವೂ ಕೈಗೆ ತಾಗುತ್ತದೆ. ಪರದೆಯ ಮೇಲೆ ಮಾತ್ರ ಏನೂ ಇಲ್ಲ. ಈ ಒಂದು ಪ್ರಕರಣದಲ್ಲಿ ಮಹಾಶಯರನ್ನು ಬೈಯುವುದು ನ್ಯಾಯವಲ್ಲ.

ಕೆಲವೊಮ್ಮೆ ಡಿಸ್ಕ್ ಬಂದು ಕೂತಿದ್ದರೂ ಹಾಜರಿ ಪುಸ್ತಕದಲ್ಲಿ ಹೆಸರಿರುವುದಿಲ್ಲ. ‘ದಿಸ್ ಪಿಸಿ’ಯಲ್ಲಿ ಕಾಣದ್ದು ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಲ್ಲಿ ‘ಎನ್‌ಟಿಎಫ್‌ಎಸ್, ಹೆಲ್ದಿ’ ಎಂಬ ಷರಾ ಸಮೇತ ಕಂಡರೆ, ಸಾಮಾನ್ಯವಾಗಿ ಡ್ರೈವ್ ಅಕ್ಷರ ಸಿಕ್ಕಿಲ್ಲ ಎಂದರ್ಥ. ರೈಟ್ ಕ್ಲಿಕ್ ಮಾಡಿ ಖಾಲಿ ಇರುವ ಅಕ್ಷರವೊಂದನ್ನು ಕೊಟ್ಟರಾಯಿತು. ಫ್ಲಾಪಿ ತೀರಿಕೊಂಡು ಎಷ್ಟೋ ವರ್ಷವಾದರೂ ಎ, ಬಿ ಅಕ್ಷರಗಳನ್ನು ಅದರ ಹೆಸರಲ್ಲೇ ಕಾದಿರಿಸಿ, ಜೀವಂತ ಡಿಸ್ಕಿಗೆ ಅಕ್ಷರ ಕೊಡಲು ಮರೆಯುವುದು ಈ ವಿಭಾಗದ ವೈಶಿಷ್ಟ್ಯ.

ನಿಜವಾದ ಅಪಾಯ ಮುಂದಿನ ಮೇಜಿನಲ್ಲಿ. ಬರೆಯುತ್ತಿರುವಾಗಲೇ ಕಿತ್ತ ಡಿಸ್ಕಿನ ಫೈಲ್ ವ್ಯವಸ್ಥೆ ಕೆಟ್ಟಿರಬಹುದು. ಆಗ ಎನ್‌ಟಿಎಫ್‌ಎಸ್ ಎಂದಿರಬೇಕಾದ ಕಡೆ ‘ರಾ’ ಎಂದಿರುತ್ತದೆ. ಮ್ಯಾಕ್‌ನ ಎಪಿಎಫ್‌ಎಸ್, ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕುಗಳಂತೂ ಗಟ್ಟಿಮುಟ್ಟಾಗಿದ್ದರೂ ವಿಂಡೋಸ್ ನೇರವಾಗಿ ಓದಲಾರದು. ‘ನನಗಿದು ಓದಲು ಬಾರದು’ ಎಂದಿದ್ದರೆ ಮಹಾಶಯರ ಮರ್ಯಾದೆಗೇನೂ ಕುಂದಿರಲಿಲ್ಲ. ಬದಲಿಗೆ, ಬಳಸುವ ಮುನ್ನ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ವಿಚಾರಣೆ! ಓದಲಾಗದ ದಫ್ತರನ್ನೆಲ್ಲ ಸುಟ್ಟು ಖಾಲಿ ಕಪಾಟು ಕೊಡುವ ಈ ಔದಾರ್ಯಕ್ಕೆ ‘ಕ್ಯಾನ್ಸಲ್’ ಒಂದೇ ಉತ್ತರ. ದತ್ತಾಂಶವಿರುವ ಹಳೆಯ ಡಿಸ್ಕನ್ನು ‘ಇನಿಶಿಯಲೈಸ್’ ಮಾಡಲೇ ಎಂದರೂ ಅದೇ.

ಬೇರೆ ಕಂಪ್ಯೂಟರಿನಲ್ಲಿ ಡಿಸ್ಕ್ ತೆರೆದುಕೊಂಡರೆ ಮೊದಲು ನಕಲು ತೆಗೆಯಬೇಕು. ‘ಚೆಕ್ ಡಿಸ್ಕ್’ ದುರಸ್ತಿ ಏನಿದ್ದರೂ ಆಮೇಲೆ, ಏಕೆಂದರೆ ಅದು ಡಿಸ್ಕಿನ ಮೇಲೆಯೇ ತಿದ್ದುತ್ತದೆ. ಒಳ್ಳೆಯ ಕೇಬಲ್, ಸಾಕಷ್ಟು ಕರೆಂಟ್ ಎರಡೂ ಇದ್ದು ಒಂದೇ ಲಯದಲ್ಲಿ ‘ಟಕ್ ಟಕ್’ ಎನ್ನುವ ಡಿಸ್ಕಿನಲ್ಲಿ ಓದುವ ಹೆಡ್ ಕೆಟ್ಟಿರುವ ಸಂಭವ ಹೆಚ್ಚು. ಅದನ್ನು ಪದೇ ಪದೇ ಚುಚ್ಚಿ ನೋಡಿದರೆ ತಟ್ಟೆಗೇ ಗೀರು ಬೀಳಬಹುದು. ಫ್ರೀಜರಿನಲ್ಲಿಟ್ಟು ತೆಗೆಯುವ ಮನೆಮದ್ದಿನಿಂದ ಒಳಗೆ ತೇವ ಕಟ್ಟುತ್ತದೆ, ಅಷ್ಟೇ. ಅಲ್ಲಿಂದ ಮುಂದಿನದು ಡೇಟಾ ರಿಕವರಿಯವರ ಕೆಲಸ. ಅವರ ಬಿಲ್ ಡಿಸ್ಕಿನ ಬೆಲೆಯನ್ನೂ ಮೀರಬಹುದು.

ಫಾರ್ಮ್ಯಾಟಿನ ಸರದಿ ಬರುವುದು ನಕಲು ಕೈಗೆ ಸಿಕ್ಕ ಮೇಲೆ. ವಿಂಡೋಸ್, ಮ್ಯಾಕ್ ಎರಡರಲ್ಲೂ ಬಳಸುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ಸರಿ. ಅದನ್ನು ಓದಲೂ ಬರೆಯಲೂ ಇಬ್ಬರಿಗೂ ಬರುತ್ತದೆ.

ಇಂತಿ,
ನೊಂದ ಬಳಕೆದಾರರು

ಲಗತ್ತು: ಡೇಟಾ ತಂತಿ ಇರುವ ಕೇಬಲ್, ಒಂದು
ಪ್ರತಿ: ಯುಎಸ್‌ಬಿ ಹಬ್‌ಗೆ, ಮಾಹಿತಿಗಾಗಿ