ಬೆಣ್ಣಿ ಗಾಡಿ

ಹಳೆ ಕಾರು ಕೊಳ್ಳಲು ಹೊರಟವನ ಹಿಂದೆ ಒಬ್ಬ ಕಾಕಾ ಇದ್ದೇ ಇರುತ್ತಾನೆ. ತೆಲಂಗಾಣದ ಕೊಹೀರಿನ ನಮ್ಮ ಓಣಿಯ ಕಾಕಾನಿಗೆ ಸ್ವಂತದ್ದು ಒಂದು ಟಿವಿಎಸ್ ಮೊಪೆಡ್. ಅದನ್ನೂ ಏರುವುದಕ್ಕಿಂತ ನೂಕುವುದೇ ಹೆಚ್ಚು. ಆದರೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದನೆಂದರೆ ನಾಡಿ ಹಿಡಿದ ಹಕೀಮನ ಗತ್ತು. ಟೈರಿಗೊಂದು ಒದೆ, ಬಾಗಿಲು ಮೂರು ಸಲ ಧಡ್, ಆಮೇಲೆ ತೀರ್ಪು: "ಡಾಕ್ಟರ್ ಗಾಡಿ, ತಮ್ಮಾ. ಮನಿ ಬಿಟ್ರ ದವಾಖಾನಿ." ಇವನು ತೋರಿಸಿದ ಡಾಕ್ಟರ್ ಗಾಡಿಗಳನ್ನು ಎಣಿಸಿದರೆ ಬೀದರ್ ಜಿಲ್ಲೆಯಲ್ಲಿ ರೋಗಿಗಳೇ ಸಾಲಬಾರದು.

ನನಗೆ ತೋರಿಸಿದ್ದು ಬೀದರಿನ ಒಬ್ಬ ಡೀಲರನ ಬಳಿ, 2 ಲಕ್ಷ 40 ಸಾವಿರದ್ದು. ನಂಬರು ಕೆಎ 38. "ಕನ್ನಡ ಗಾಡಿ. ನಮ್ ಮಂದಿಗಿ ಮೋಸ ಮಾಡಲ್ಲ." ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಜಗಳಕ್ಕೆ ಉರ್ದು ಆಡುವ ನನಗೆ ಆ ಮಾತು ನಾಟಿಬಿಟ್ಟಿತು. ಇಂಜಿನ್ ಚಾಲೂ ಆಯಿತು. ಕಾಕಾ ಕಿವಿಗೊಟ್ಟು, "ಬೆಣ್ಣಿ! ಖರೇ ಬೆಣ್ಣಿ ಅದ!" ಎಂದ. ಗ್ಯಾರಂಟಿ ಬರೆಸೋಣವೆಂದರೆ ಮುಖ ಸಣ್ಣ ಮಾಡಿಕೊಂಡ: "ನಾ ಇಲ್ಲೇನು?" ಡೀಲರನೇ ಮುಜುಗರಪಟ್ಟು ತನ್ನ ಕಾರ್ಡಿನ ಹಿಂದೆ 'ಇಂಜಿನ್ 3 ತಿಂಗಳು' ಎಂದು ಗೀಚಿ ಸಹಿ ಹಾಕಿದ. ಕಾರ್ಡು ಕಾಕಾನ ಕಿಸೆ ಸೇರಿತು.

ಗಾಡಿ ಕೊಂಡ ಒಂಬತ್ತನೇ ದಿನ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಕಾಯಿ ಒಡೆಸಿ ಬರುತ್ತಿದ್ದೆವು. ಬಾನೆಟ್ಟಿನಿಂದ ಹಬೆ ಎದ್ದಿತು. ಕಾಕಾ ನಿಧಾನ ಇಳಿದು, ರಸ್ತೆ ಬದಿಯ ಬುಟ್ಟಿಯಿಂದ ಜಾಮಕಾಯಿ ಕೊಂಡು, ಉಪ್ಪು-ಖಾರ ಹಚ್ಚಿ ನನಗೊಂದು ಹೋಳು ಕೊಟ್ಟ. "ಗರಮ್ ಆಗ್ಯಾದ. ಥಂಡಾ ಆಗ್ಲಿ." ನಮ್ಮ ಕೊಹೀರಿನ ಜಾಮಕಾಯಿ ಎಂದೂ ಅಷ್ಟು ಒಗರಾಗಿರಲಿಲ್ಲ.

ಜಹೀರಾಬಾದಿನ ಮಿಸ್ತ್ರಿ ಆಯಿಲ್ ಮುಚ್ಚಳ ತಿರುವಿ ಮೂಗಿನ ಮುಂದೆ ಹಿಡಿದ. ಒಳಗೆ ದಪ್ಪಗೆ, ಬೆಳ್ಳಗೆ, ನೊರೆನೊರೆಯಾಗಿ ಮೆತ್ತಿಕೊಂಡಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಆಯಿಲಿನಲ್ಲಿ ಕಡೆದುಕೊಂಡಿತ್ತು. ಕಾಕಾ ಸುಳ್ಳು ಹೇಳಿರಲಿಲ್ಲ. ಖರೇ ಬೆಣ್ಣಿ.

ಕೇಸ್ ಹಾಕುತ್ತೇನೆಂದೆ. "ಹಳೀ ಗಾಡಿಗಿ ಎಲ್ಲೀ ಕೇಸ್? ಬೀದರಿಗಿ ಯಾರ್ ತಿರಗ್ತಾರ?" ಎಂದ ಕಾಕಾ. ನನಗೂ ಗೊತ್ತಿರಲಿಲ್ಲ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿದ ಮೇಲೆ ಶಾಣ್ಯಾ ಆದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಯಾದ ಮೇಲೆ, ಕೊಂಡವನು ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೀದರಿನವನೇ ನಮ್ಮ ಜಿಲ್ಲೆ ಸಂಗಾರೆಡ್ಡಿಗೆ ಬರಬೇಕು. 5 ಲಕ್ಷದ ತನಕ ಶುಲ್ಕವಿಲ್ಲ, ಗಡುವು 2 ವರ್ಷ. ಗಾಡಿ ಹಳೆಯದಾದರೂ ಮಾರಿದವನು ವ್ಯಾಪಾರಿ. ಕಾಕಾನ ಮೊಪೆಡ್ಡನ್ನೇ ಕೊಂಡಿದ್ದರೆ ಈ ಕಾಯ್ದೆ ನನ್ನ ಕೈಹಿಡಿಯುತ್ತಿರಲಿಲ್ಲ. ಆದರೆ ದೋಷ ಮಾರುವಾಗಲೇ ಇತ್ತೆಂದು ತೋರಿಸಬೇಕು. ಮುಚ್ಚಳದ ಫೋಟೋ ಇತ್ತು, ಮಿಸ್ತ್ರಿಯಿಂದ ಬರೆಸಿಕೊಂಡೆ. ಕಾರ್ಡು?

ಕಾಕಾ ನಾಲ್ಕು ದಿನ ಫೋನ್ ಎತ್ತಲಿಲ್ಲ. ನಾನು ಬೈದುಕೊಂಡ ಮಾತು ಇಲ್ಲಿ ಬರೆಯುವಂಥದ್ದಲ್ಲ. ಐದನೇ ಸಂಜೆ ಬಾಗಿಲಲ್ಲಿ ನಿಂತಿದ್ದ. ಇದ್ದಬದ್ದ ಅಂಗಿಗಳ ಕಿಸೆಯೆಲ್ಲ ಹುಡುಕಿದ್ದನಂತೆ. ಕಾರ್ಡಿಗೆ ಸುಣ್ಣ ಮೆತ್ತಿತ್ತು, ಸಹಿ ಉಳಿದಿತ್ತು. "ಸಾಕ್ಷಿಗಿ ನನ್ ಹೆಸರು ಬರಿ. ಗಾಡಿ ನೋಡ್ದವ ನಾನೇ ಅಲಾ." ಇಷ್ಟು ವರ್ಷಗಳಲ್ಲಿ ಯಾರಿಂದಲೂ ಕಮಿಷನ್ ಮುಟ್ಟಿದವನಲ್ಲ, ಒಂದು ಚಾ, ಬರುವಾಗ ಮುಂದಿನ ಸೀಟು, ಅಷ್ಟೇ.

ನೋಟಿಸು ತಲುಪುತ್ತಲೇ ಡೀಲರ್ ತನ್ನ ಖರ್ಚಿನಲ್ಲಿ ರಿಪೇರಿ ಮಾಡಿಸಿಕೊಟ್ಟ.

ಮೊನ್ನೆ ಪಕ್ಕದ ಮನೆಯ ಹುಡುಗನಿಗೆ ಗಾಡಿ ನೋಡಲು ಹೋಗಿದ್ದೆವು. ಕಾಕಾ ಟೈರು ಒದೆಯಲಿಲ್ಲ. ನೇರ ಆಯಿಲ್ ಮುಚ್ಚಳ ತಿರುವಿ, ಒಳಗೆ ಬೆರಳಾಡಿಸಿ, ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಬೆಣ್ಣಿ ಇಲ್ಲ," ಎಂದ, ತುಸು ಬೇಜಾರಿನಲ್ಲಿ.