ಕಿಣ್ವದ ಪೂರ್ವಾಶ್ರಮ

ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಕಿಣ್ವದಷ್ಟು ಸಭ್ಯ ಪದ ಇನ್ನೊಂದಿರಲಿಲ್ಲ. ಜೊಲ್ಲಿನಲ್ಲಿ ಕೂತು ಪಿಷ್ಟವನ್ನು ಸಕ್ಕರೆ ಮಾಡುವುದು, ಜಠರದಲ್ಲಿ ಕೂತು ಪ್ರೋಟೀನು ಒಡೆಯುವುದು, ಎರಡು ಅಂಕದ ಪ್ರಶ್ನೆಗೆ ತಪ್ಪದೆ ಹಾಜರಾಗುವುದು, ಇಷ್ಟೇ ಅದರ ಸಂಸಾರ. ಇದಕ್ಕೊಂದು ಪೂರ್ವಾಶ್ರಮವಿದೆ, ಅದು ಕಳೆದದ್ದು ಹೆಂಡದಂಗಡಿಯಲ್ಲಿ ಎಂದು ಮೇಷ್ಟ್ರು ಹೇಳಿದ್ದರೆ ಹಿಂದಿನ ಬೆಂಚೂ ಪಾಠ ಕೇಳುತ್ತಿತ್ತು.

ಸಂಸ್ಕೃತದಲ್ಲಿ ಕಿಣ್ವವೆಂದರೆ ಹೆಂಡಕ್ಕೆ ಹುಳಿ ಹಿಡಿಸುವ ಮುದ್ದೆ. ಇಂದಿನ ಯೀಸ್ಟಿನ ಕೆಲಸ ಅಂದು ಅದರ ಹೆಸರಿನಲ್ಲಿ ನಡೆಯುತ್ತಿತ್ತು. ಅರ್ಥಶಾಸ್ತ್ರದ ಸುರಾಧ್ಯಕ್ಷನ ಅಧ್ಯಾಯದಲ್ಲಿ ಕೌಟಿಲ್ಯ ಅಳತೆ ಸಮೇತ ಬರೆದಿದ್ದಾನೆ: ರುಬ್ಬಿದ ಉದ್ದು ಒಂದು ದ್ರೋಣ, ಹಸಿಯಾದರೂ ಸರಿ, ಬೆಂದದ್ದಾದರೂ ಸರಿ, ಅದಕ್ಕಿಂತ ಹೆಚ್ಚು ಅಕ್ಕಿ, ಮೇಲೆ ಒಂದಿಷ್ಟು ಗಿಡಮೂಲಿಕೆ. ಮೂಲಿಕೆ ತೆಗೆದುಬಿಟ್ಟರೆ ಉಳಿಯುವುದು ಶನಿವಾರ ರಾತ್ರಿ ನಮ್ಮ ಅಡುಗೆಮನೆಯಲ್ಲಿ ಮುಚ್ಚಿಟ್ಟ ಪಾತ್ರೆಯೇ! 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಅರ್ಥಶಾಸ್ತ್ರದ ತಾಳೆಗರಿಗಳನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಈ ಸಾಲಿಗೆ ಬಂದ ದಿನ ಅವರ ಮನೆಯಲ್ಲಿ ತಿಂಡಿ ಏನಿತ್ತೋ!

ಚಾರ್ವಾಕರು ಕಿಣ್ವವನ್ನು ತತ್ತ್ವಕ್ಕೇ ಎಳೆದು ತಂದರು. ಅಕ್ಕಿಗೆ ಅಮಲಿಲ್ಲ, ನೀರಿಗೂ ಇಲ್ಲ. ಕಿಣ್ವ ಬೆರೆತು ಹುಳಿತರೆ ಅಮಲು ತಾನೇ ಹುಟ್ಟುತ್ತದೆ. ಹಾಗೆಯೇ ಮಣ್ಣು, ನೀರು, ಬೆಂಕಿ, ಗಾಳಿ ಕೂಡಿ ಮೈಯಾದಾಗ ಚೈತನ್ಯ ಹುಟ್ಟುತ್ತದೆ, ಬೇರೆ ಆತ್ಮ ಯಾಕೆ ಎಂದರು. ದೊಡ್ಡವರ ಜಗಳ, ನಾನು ನಡುವೆ ಬರುವುದಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಕಾಫಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನನ್ನನ್ನು ನೋಡಿದವರು ಚಾರ್ವಾಕರ ಕಡೆಗೇ ವಾಲಿಯಾರು.

ಜರ್ಮನಿಯ ಕ್ಯೂನೆ 1870ರ ದಶಕದಲ್ಲಿ ‘ಎನ್‌ಜೈಮ್’ ಎಂಬ ಹೆಸರು ಕಟ್ಟಿದ್ದೂ ಗ್ರೀಕಿನ ಹುಳಿಹಿಟ್ಟಿನಿಂದಲೇ. 1897ರಲ್ಲಿ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿ, ಜೀವವಿಲ್ಲದ ಬರಿಯ ರಸವೂ ಸಕ್ಕರೆಯನ್ನು ಹುಳಿಸುತ್ತದೆಂದು ತೋರಿಸಿದ. ಹತ್ತು ವರ್ಷಕ್ಕೆ ನೊಬೆಲ್ ಬಂತು. ಕನ್ನಡದಲ್ಲಿ ಎನ್‌ಜೈಮಿಗೆ ಕಿಣ್ವ ಎಂದು ಹೆಸರಿಟ್ಟವರು ಹಳೇ ನೆಂಟಸ್ತನ ಬಲ್ಲವರೇ ಇರಬೇಕು.

ನಮ್ಮ ದೊಡ್ಡಮ್ಮನ ಮನೆಯಲ್ಲಿ ಹೆಂಡ ಎಂಬ ಮಾತೂ ಹೊಸ್ತಿಲು ದಾಟುವಂತಿಲ್ಲ. ಧೈರ್ಯ ಮಾಡಿ ಕೌಟಿಲ್ಯನ ಅಳತೆಯನ್ನು ಓದಿ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಗ್ರೈಂಡರ್ ನಿಲ್ಲಿಸಿ, ಬೆರಳಿಗಂಟಿದ ಹಿಟ್ಟನ್ನು ಪಾತ್ರೆಯ ಅಂಚಿಗೆ ಬಳಿಯುತ್ತಾ, “ಮೆಂತ್ಯ ಹಾಕ್ಲಿಲ್ವೇನೋ ಅವನು?” ಅಂದರು.

“ಇಲ್ಲ ದೊಡ್ಡಮ್ಮ.”

“ಅದಕ್ಕೇ ಮತ್ತೆ, ಇಡ್ಲಿ ಆಗದೆ ಹೆಂಡ ಆಗಿರೋದು.”